ವಿಶ್ಲೇಷಣೆಗೆ ಯೋಗ್ಯವಲ್ಲ

ತಂಗಿಯ ಮಕ್ಕಳು ಅವಳನ್ನು ಕರೆಯುತ್ತಿದ್ದದ್ದು ಛೀದೊಡ್ಡಮ್ಮ ಎಂದು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅದಕ್ಕವಳು ಬೇಸರಪಟ್ಟವಳಲ್ಲ, ಹೆಸರಿಟ್ಟವರಿಗೆ ಅಷ್ಟಾದರೂ ಕಣ್ಣಿದೆಯಲ್ಲ ಎಂದುಕೊಂಡಿದ್ದಳು. ಹೊಸ ಪರದೆ ಹಾಕಿದವರ ಮನೆಗೆ ಹೋದರೆ ಪರದೆಯ ಅಂಚು ಮಗುಚಿ ನೋಡುವುದು, ಬಾಗಿಲಿಗೆ ಬಣ್ಣ ಹೊಡೆಸಿದ್ದರೆ ಕೀಲಿನ ಹಿಂದೆ ಬೆರಳಾಡಿಸುವುದು, ಆಮೇಲೆ ಮೂಗಿನ ತುದಿಯಿಂದ ಸಣ್ಣದೊಂದು "ಛೀ" ಅನ್ನುವುದು, ಇದು ಅವಳಿಗೆ ತಾಯಿ ಬಿಟ್ಟುಹೋದ ಆಸ್ತಿ. ತಾಯಿ ಬಟ್ಟೆ ಹೊಲಿಯುತ್ತಿದ್ದವಳು. ಯಾರು ಎಂಥ ಉಡುಪು ತೊಟ್ಟು ಬಂದರೂ ಮೊದಲು ತೋಳಿನ ಒಳಮಗ್ಗುಲು ತಿರುವಿ ನೋಡಿ, ಮೇಲೆ ಥಳಕು ಒಳಗೆ ಹುಳುಕು ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು. ಮಗಳು ಸೂಜಿ ಹಿಡಿಯಲಿಲ್ಲ. ತಿರುವಿ ನೋಡುವ ಚಾಳಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದಳು.

ಮದುವೆಯಾದದ್ದೂ ಅದೇ ಚಾಳಿಯಿಂದ. ಗಂಡ ಹಲ್ಲಿನ ಸೆಟ್ಟು ಮಾಡುವವನು. ವೈದ್ಯರು ತೆಗೆದು ಕಳಿಸಿದ ಬಾಯಿಯ ಅಚ್ಚಿನ ಮೇಲೆ ಮೇಣ ಮೆತ್ತಿ, ಹಲ್ಲು ಜೋಡಿಸಿ, ಉಜ್ಜಿ ಉಜ್ಜಿ ಹೊಳಪು ಕೊಡುವುದು ಅವನ ಕಸುಬು. ಹೆಣ್ಣು ನೋಡಲು ಬಂದವನ ಕೈಚೀಲದಲ್ಲಿ ಯಾರಿಗೋ ತಲುಪಿಸಬೇಕಾದ ಒಂದು ಸೆಟ್ಟಿತ್ತು. ಅವಳು ನಾಚಿಕೆಯಿಲ್ಲದೆ ಅದನ್ನು ಕೇಳಿ ಪಡೆದು, ಅಂಗುಳಕ್ಕೆ ಕೂರುವ ಬದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಯಾರ ಕಣ್ಣಿಗೂ ಬೀಳದ ಆ ಬದಿಯೂ ಎದುರಿನ ಬದಿಯಷ್ಟೇ ನುಣುಪಾಗಿತ್ತು. ಮಾರನೆಯ ದಿನ ಒಪ್ಪಿಗೆ ಹೇಳಿ ಕಳಿಸಿದಳು. ಅವನಲ್ಲಿ ಆಮೇಲೆ ಬೇಕಾದಷ್ಟು ಐಬುಗಳು ಸಿಕ್ಕಿದವು, ಆದರೆ ಕೆಲಸದಲ್ಲಿ ಸಿಗಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ರಕ್ತ ಪರೀಕ್ಷೆಯ ಒಂದು ದೊಡ್ಡ ಲ್ಯಾಬಿನಲ್ಲಿ. ವರದಿ ಟೈಪು ಮಾಡುವ ಕೆಲಸಕ್ಕೆ ಸೇರಿದವಳು ವರ್ಷಗಳು ಉರುಳಿದಂತೆ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳಾಗಿದ್ದಳು. ಕೊಠಡಿ ನೆಲಮಾಳಿಗೆಯಲ್ಲಿ. ತಲೆಯ ಮೇಲೆ ನೀರಿನ ಕೊಳವೆಗಳು, ಪಕ್ಕದಲ್ಲಿ ಸ್ಯಾಂಪಲ್ಲುಗಳ ಶೀತಲ ಕೋಣೆ. ಆ ಕೋಣೆಯ ಯಂತ್ರ ಗೊರಕೆ ಹೊಡೆಯುವ ಮುದುಕನಂತೆ ಆಗಾಗ ನಿಂತು ಮತ್ತೆ ಶುರುವಾಗುತ್ತಿತ್ತು. ಮ್ಯಾನೇಜರು ಅಲ್ಲಿಗೆ ಇಳಿದು ಬರುತ್ತಿದ್ದದ್ದು ಏನಾದರೂ ಕೆಟ್ಟಾಗ ಮಾತ್ರ. ಸರಿಯಾಗಿದ್ದಾಗ ಅವಳೊಬ್ಬಳು ಇದ್ದಾಳೆಂಬುದೇ ಅವನಿಗೆ ನೆನಪಿರುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುವುದನ್ನೇ ಆಡಳಿತ ಎಂದುಕೊಂಡಿದ್ದ ಮನುಷ್ಯ ಅವನು ಎಂಬುದು ಅವಳ ಅಭಿಪ್ರಾಯ.

ಒಂದು ಬೆಳಿಗ್ಗೆ ಲ್ಯಾಬಿನ ಎಲ್ಲ ಪರದೆಗಳ ಮೇಲೂ ಒಂದೇ ಬರಹ ಕಾಣಿಸಿತು. ನಿಮ್ಮ ಕಡತಗಳಿಗೆಲ್ಲ ಬೀಗ ಬಿದ್ದಿದೆ, ಹಣ ಕೊಟ್ಟರೆ ಬೀಗದ ಕೈ ಕೊಡುತ್ತೇವೆ ಎಂದು. ಬರೆದವನ ಕಾಗುಣಿತ ಚೆನ್ನಾಗಿತ್ತು, ಅಷ್ಟನ್ನು ಅವಳು ಗಮನಿಸಿದಳು. ಮುಂಬಾಗಿಲಲ್ಲಿ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವರ ಸಾಲು ಬೆಳೆಯಿತು. ರಕ್ತ ತೆಗೆಯುವ ಹುಡುಗಿಯರು ಸೀಸೆಗಳ ಮೇಲೆ ಕೈಯಲ್ಲೇ ಹೆಸರು ಬರೆಯತೊಡಗಿದರು. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ತಜ್ಞನೊಬ್ಬನಿಗೆ ಫೋನು ಮಾಡಿದ.

ತಜ್ಞ ಮೊದಲು ಕಾಣಿಸಿಕೊಂಡದ್ದು ಮ್ಯಾನೇಜರನ ಫೋನಿನ ವಿಡಿಯೋದಲ್ಲಿ. ಅವನ ತಲೆಯ ಹಿಂದಿನ ಗೋಡೆ ತುಂಬ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟುಗಳು. ದೇವರ ಪಟಗಳಿಗೂ ಅಷ್ಟು ಜಾಗ ಕೊಟ್ಟವರನ್ನು ಅವಳು ನೋಡಿರಲಿಲ್ಲ. ಆ ಕ್ಷಣದಿಂದ ಅವನು ಅವಳ ಪಾಲಿಗೆ ಚೌಕಟ್ಟಿನ ಸಾಹೇಬನಾದ. ಮಧ್ಯಾಹ್ನ ಖುದ್ದಾಗಿ ಬಂದವನು ಒಂದು ಕೀಬೋರ್ಡನ್ನೂ ಮುಟ್ಟಲಿಲ್ಲ. ಎಲ್ಲ ಯಂತ್ರಗಳನ್ನೂ ಅಳಿಸಿ, ಹೊಸದಾಗಿ ಹಾಕಿ, ಕಡತಗಳ ಹಳೆಯ ನಕಲಿನಿಂದ ಮತ್ತೆ ತುಂಬಿಸಿ ಎಂದ. ಹಳೆಯ ನಕಲು ನಿಜಕ್ಕೂ ಹಳೆಯದು. ಅದಾದ ಮೇಲಿನ ಅಷ್ಟೂ ಜನರ ಫಲಿತಾಂಶ ಮಣ್ಣುಪಾಲಾಗುತ್ತಿತ್ತು. ಬೀಗದ ಕೈ ಆ ಪ್ರೋಗ್ರಾಮಿನ ಒಳಗೇ ಎಲ್ಲೋ ಇರಬಹುದು, ಒಂದೆರಡು ಯಂತ್ರವನ್ನಾದರೂ ಹಾಗೇ ಉಳಿಸಿಕೊಳ್ಳೋಣ, ಬಿಚ್ಚಿ ನೋಡೋಣ ಎಂದು ಅವಳು ಹಟ ಹಿಡಿದಳು. ತಜ್ಞ ನಕ್ಕ. ಬೇರೆಯವರ ಮನೆಯ ಮಗು ಮುದ್ದಾಗಿ ಏನೋ ಅಂದಾಗ ನಗುತ್ತಾರಲ್ಲ, ಆ ನಗು.

ಮ್ಯಾನೇಜರು ಅವಳನ್ನು ಪಕ್ಕಕ್ಕೆ ಕರೆದ. "ಮೇಡಂ, ಅವರ ಹತ್ರ ಒಂದು ಗೋಡೆ ತುಂಬ ಸರ್ಟಿಫಿಕೇಟ್ ಇದೆ. ನಿಮ್ಮ ಹತ್ರ ಏನಿದೆ?"

ಅಳಿಸುವ ಕೆಲಸವನ್ನು ಅವಳ ಕೈಯಿಂದಲೇ ಮಾಡಿಸಿದರು. ಶುರುಮಾಡುವ ಮೊದಲು ಆ ಕೆಟ್ಟ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಇಳಿಸಿ, ಮನೆಗೆ ತಂದು, ಗಂಡನ ಕೆಲಸದ ಕೋಣೆಯಲ್ಲಿ ಹಲ್ಲಿನ ಅಚ್ಚುಗಳಿಡುವ ಡ್ರಾಯರಿಗೆ ಸೇರಿಸಿದಳು. ಆ ವಾರವೆಲ್ಲ ಲ್ಯಾಬಿನಲ್ಲಿ ಜನರನ್ನು ವಾಪಸು ಕರೆಸಿ ಮತ್ತೆ ಸೂಜಿ ಚುಚ್ಚಿದ್ದೇ ಚುಚ್ಚಿದ್ದು. ಒಬ್ಬ ಮುದುಕ ತೋಳು ಚಾಚುತ್ತ, ಹೋದ ಸಲ ತಗೊಂಡ ರಕ್ತ ಏನ್ಮಾಡಿದ್ರಿ ಎಂದು ಕೇಳಿದನಂತೆ.

ಸರ್ಟಿಫಿಕೇಟು ತಾನೇ ಬೇಕಾದ್ದು, ತೆಗೆದು ಮುಖಕ್ಕೆ ಹಿಡಿಯುತ್ತೇನೆ ಎಂದು ಅವಳು ಹೊರಟಳು. ಯಾವ್ಯಾವುದಿದೆ ಎಂದು ನೋಡುತ್ತ ಹೋದಂತೆ ಮೂಗು ಮುರಿಯುವ ಕೆಲಸಕ್ಕೆ ದಿನ ಸಾಲದಾಯಿತು. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿದರೆ ಒಂದು ಸರ್ಟಿಫಿಕೇಟು. ಉತ್ತರವನ್ನು ಮೊದಲೇ ಮಾರುವವರು ಬೇರೆ. ಚೌಕಟ್ಟಿನ ಸಾಹೇಬನ ಗೋಡೆಯ ಮೇಲಿದ್ದವು ಬಹುಪಾಲು ಇಂಥವೇ. ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು, ಮಾಲ್‌ವೇರ್ ವಿಶ್ಲೇಷಣೆ ಮತ್ತು ರಿವರ್ಸ್ ಎಂಜಿನಿಯರಿಂಗಿನದು. ಅದರಲ್ಲಿ ಗುರುತು ಹಾಕುವ ಆಟವಿರಲಿಲ್ಲ. ನಿಜವಾದ ದುಷ್ಟ ಪ್ರೋಗ್ರಾಮುಗಳನ್ನು ಕೈಗೆ ಕೊಡುತ್ತಾರೆ. ಅವು ಏನು ಮಾಡುತ್ತವೆ, ಹೇಗೆ ಮಾಡುತ್ತವೆ ಎಂದು ಬಿಚ್ಚಿ, ವರದಿ ಬರೆದು ಕಳಿಸಬೇಕು. ಪರೀಕ್ಷಕನೊಬ್ಬ ಕೂತು ಓದುತ್ತಾನೆ. ಪಾಸಾಗುವವರಿಗಿಂತ ಡುಮ್ಕಿ ಹೊಡೆಯುವವರೇ ಹೆಚ್ಚು ಎಂದು ಕೇಳಿ ಅವಳಿಗೆ ಸಮಾಧಾನವಾಯಿತು.

ತರಗತಿ ನಡೆಯುತ್ತಿದ್ದದ್ದು ಆನ್‌ಲೈನಿನಲ್ಲಿ. ಜೊತೆಯವರ ಗುಂಪಿನಲ್ಲಿ ದಿನ ಬೆಳಗಾದರೆ ಯಾರಾದರೊಬ್ಬರು ಹಳೆಯ ವರದಿಗಳಿದ್ದರೆ ಕಳಿಸಿ ಎಂದು ಅಂಗಲಾಚುತ್ತಿದ್ದರು. ಕಲಿಯುವ ಮೊದಲೇ ಹೆಸರಿನ ಮುಂದೆ ವಿಶ್ಲೇಷಕ ಎಂದು ಹಾಕಿಕೊಂಡವರಿದ್ದರು. ಪಾಠ ಮಾಡುವವನು ಪ್ರತಿ ವಾಕ್ಯದ ಕೊನೆಗೆ ಅರ್ಥ ಆಯ್ತಾ ಎನ್ನುತ್ತಿದ್ದ. ಅರ್ಥವಾಗದೆ ಇರಲಿಕ್ಕೆ ನೀನೇನು ಹೇಳಿದ್ದೀಯ ಎಂದು ಅವಳು ಪರದೆಗೆ ಉತ್ತರ ಕೊಡುತ್ತಿದ್ದಳು. ಗುಂಪಿನಿಂದ ಹೊರಬಂದು ಒಬ್ಬಳೇ ಕೂತು ಓದಿದಳು.

ಕೆಲಸ ಮಾತ್ರ ಅವಳಿಗೆ ಹೇಳಿ ಮಾಡಿಸಿದ್ದಾಗಿತ್ತು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಹುಟ್ಟಿಸಿ, ಹೊರಗಿನ ಸಂಪರ್ಕವನ್ನೆಲ್ಲ ಕಿತ್ತು, ಆ ಗಾಜಿನ ಡಬ್ಬಿಯಂಥ ಜಾಗದಲ್ಲಿ ದುಷ್ಟ ಪ್ರೋಗ್ರಾಮನ್ನು ಓಡಲು ಬಿಡುವುದು. ಅದು ಯಾವ ಕಡತ ಮುಟ್ಟಿತು, ಯಾರನ್ನು ಕರೆಯಲು ನೋಡಿತು, ಎಲ್ಲಿ ಬಚ್ಚಿಟ್ಟುಕೊಂಡಿತು ಎಂದು ನೋಡುವುದು. ಆಮೇಲೆ ಅದನ್ನು ನಿಲ್ಲಿಸಿ, ಯಂತ್ರಕ್ಕಷ್ಟೇ ತಿಳಿಯುವ ಅದರ ಒಂದೊಂದು ಆದೇಶವನ್ನೂ ಹಿಂದುಮುಂದಾಗಿ ಓದುತ್ತ, ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ಹೆಕ್ಕುವುದು. ತಾಯಿ ರವಿಕೆಯ ತೋಳು ತಿರುವುತ್ತಿದ್ದಾಗ ಮುಖದಲ್ಲಿ ಕಾಣಿಸುತ್ತಿದ್ದ ಕಳೆ ಈಗ ಮಗಳ ಮುಖದಲ್ಲೂ ಬಂತು.

ಒಳಗೆ ಕಂಡದ್ದು ಅವಳ ತಿರಸ್ಕಾರಕ್ಕೆ ಹಬ್ಬದೂಟ. ಲೋಕವನ್ನೇ ನಡುಗಿಸಿದ್ದೇವೆ ಎಂದು ಮೆರೆಯುವ ಈ ಕಳ್ಳರು ಬರೆಯುತ್ತಿದ್ದದ್ದಾದರೂ ಏನು? ಒಬ್ಬ ಇನ್ನೊಬ್ಬನಿಂದ ಕದ್ದ ಸಾಲುಗಳು, ಕದ್ದವನಿಂದ ಮೂರನೆಯವನು ಕದ್ದದ್ದು. ಒಬ್ಬ ಪುಣ್ಯಾತ್ಮ ತನ್ನ ಸ್ವಂತ ಕಂಪ್ಯೂಟರಿನ ಫೋಲ್ಡರಿನ ಹೆಸರನ್ನು, ಮನೆಯ ವಿಳಾಸ ಬಿಟ್ಟುಹೋದ ಕಳ್ಳನಂತೆ, ಒಳಗೇ ಬಿಟ್ಟಿದ್ದ. ಇನ್ನೊಂದು ಪ್ರೋಗ್ರಾಮು ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರೆಂದು ಗೊತ್ತಾದರೆ ಏನೂ ಮಾಡದೆ ಸುಮ್ಮನೆ ಮಲಗುತ್ತಿತ್ತು. ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಗಂಡನಿಗೆ ಒಪ್ಪಿಸುತ್ತಿದ್ದಳು. ಕದಿಯೋದಕ್ಕೂ ಒಂದು ಯೋಗ್ಯತೆ ಬೇಡವೇ ಎಂದು ಕೇಳುತ್ತಿದ್ದಳು. ಅವನು ತಲೆಯಾಡಿಸಿ, ಸಾರು ಹಾಕಲಾ ಎನ್ನುತ್ತಿದ್ದ.

ಪರೀಕ್ಷೆಯ ದಿನ ಬಂತು. ಕೊಟ್ಟ ಕಡತಗಳಲ್ಲಿ ಒಂದೆರಡು ಗಟ್ಟಿಯಾಗಿದ್ದವು. ಈರುಳ್ಳಿಯ ಹಾಗೆ ಪದರದೊಳಗೆ ಪದರ. ಅವಳು ಒಂದೊಂದನ್ನೇ ಸುಲಿದಳು, ಗೆದ್ದಳು. ಉಳಿದದ್ದು ಒಂದು ಪುಟ್ಟ ಕಡತ. ಓಡಿಸಿದರೆ ಪರದೆಯ ಮೇಲೆ ಒಂದು ಹೂವಿನ ಚಿತ್ರ, ಕೆಳಗೆ ಅಕ್ಷರಕ್ಕೊಂದು ತಪ್ಪಿರುವ ಒಂದು ಬೆದರಿಕೆಯ ವಾಕ್ಯ. ಅಷ್ಟೇ. ಶಾಲೆ ತಪ್ಪಿಸಿದ ಮಗು ಬರೆದಂತಿತ್ತು. ಇದನ್ನು ಪ್ರಶ್ನೆ ಎಂದು ಕೊಟ್ಟವರ ಮರ್ಯಾದೆ ಏನಾಗಬೇಕು ಎಂದುಕೊಂಡ ಅವಳು, ಇದು ವಿಶ್ಲೇಷಣೆಗೆ ಯೋಗ್ಯವಲ್ಲ ಎಂದು ಒಂದೇ ಸಾಲು ಬರೆದಳು. ಉಳಿದ ಪ್ರೋಗ್ರಾಮುಗಳ ವಿವರದ ನಡುವೆಯೂ ಅವುಗಳ ಕರ್ತೃಗಳ ಬುದ್ಧಿಮಟ್ಟದ ಬಗ್ಗೆ ಅಲ್ಲಲ್ಲಿ ಎರಡು ಮಾತು ಸೇರಿಸಿ, ಸಂತೃಪ್ತಿಯಿಂದ ವರದಿ ಕಳಿಸಿದಳು.

ಡುಮ್ಕಿ.

ಜೊತೆಗೆ ಪರೀಕ್ಷಕನ ಟಿಪ್ಪಣಿಯೊಂದಿತ್ತು: "ಅಭ್ಯರ್ಥಿಯ ಅಭಿಪ್ರಾಯವನ್ನು ಕೇಳಿರಲಿಲ್ಲ. ಕಡತ ಏನು ಮಾಡುತ್ತದೆ ಎಂದು ಕೇಳಲಾಗಿತ್ತು."

ಮೊದಲು ಅವಳು ಪರೀಕ್ಷಕನನ್ನು ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ತನ್ನ ಬೆನ್ನಿಗೆ ಸರಿಯಾಗಿ ಕೂರುತ್ತಿದೆಯೆಂದು ಗೊತ್ತಿದ್ದೂ ಬೈದಳು. ಸಿಟ್ಟು ಇಳಿದ ಮೇಲೆ, ಅಭ್ಯಾಸಕ್ಕೆಂದು ಅವರೇ ಮತ್ತೆ ಕಳಿಸಿದ್ದ ಆ ಪುಟ್ಟ ಕಡತವನ್ನು ಗಾಜಿನ ಡಬ್ಬಿಯೊಳಗೆ ಹಾಕಿ ತೆರೆದಳು. ಹೂವಿನ ಚಿತ್ರ ಅಷ್ಟು ಸಣ್ಣ ಹೂವಿಗೆ ಇರಬೇಕಾದ್ದಕ್ಕಿಂತ ಭಾರವಾಗಿತ್ತು. ಚಿತ್ರದ ಬಾಲಕ್ಕೆ ಬೀಗ ಹಾಕಿದ ಒಂದು ಗಂಟು ಅಂಟಿಕೊಂಡಿತ್ತು. ಬೀಗದ ಕೈ ಯಾವುದೆಂದು ಹುಡುಕುತ್ತ ಹೋದವಳು ಕೊನೆಗೆ ಕುರ್ಚಿಗೆ ಒರಗಿ ಕೂತುಬಿಟ್ಟಳು. ಆ ತಪ್ಪು ಕಾಗುಣಿತದ ವಾಕ್ಯವೇ ಬೀಗದ ಕೈ. ಒಂದು ಅಕ್ಷರ ತಿದ್ದಿದರೂ ಗಂಟು ಬಿಚ್ಚುವುದಿಲ್ಲ. ಬಿಚ್ಚಿದರೆ ಒಳಗಿದ್ದದ್ದು ಆ ಪರೀಕ್ಷೆಯಲ್ಲೇ ಅತಿ ನಾಜೂಕಾಗಿ ಬರೆದ ಪ್ರೋಗ್ರಾಮು. ತನ್ನಂಥವಳೊಬ್ಬಳು ಬಂದು ಮೂಗು ಮುರಿದು ಮುಂದೆ ಹೋಗುತ್ತಾಳೆಂದು ಲೆಕ್ಕ ಹಾಕಿ, ತನ್ನ ಅಳತೆಗೇ ಯಾರೋ ಹೊಲಿದಿದ್ದರು.

ಆ ಅವಮಾನಕ್ಕೆ ಮದ್ದಾಗಿ ಒಂದು ಗೆಲುವು ಬೇಕಿತ್ತು. ಅವಳು ಹಲ್ಲಿನ ಅಚ್ಚುಗಳ ನಡುವಿನಿಂದ ಆ ಪೆನ್‌ಡ್ರೈವನ್ನು ತೆಗೆದಳು. ಸರ್ಟಿಫಿಕೇಟು ಬಂದ ದಿನ ಬಿಚ್ಚಿ, ಬೀಗದ ಕೈಯನ್ನು ಮ್ಯಾನೇಜರನ ಮೇಜಿನ ಮೇಲೆ ಬಡಿಯಬೇಕೆಂದು ಕಾದಿಟ್ಟಿದ್ದು ಅದು. ಈಗಲೇ ಆಗಿಬಿಡಲಿ ಎಂದು ಒಂದು ರಜೆಯ ದಿನ ಬೆಳಿಗ್ಗೆಯಿಂದ ಕೂತಳು. ಈ ಸಲ ಒಂದು ಸಾಲನ್ನೂ ಹಾರಿಸಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಕಣ್ಣೆದುರಿಗಿತ್ತು. ಬೀಗದ ಕೈ ಇರಲಿಲ್ಲ. ಯಾಕೆಂದರೆ ಬೀಗವೇ ಇರಲಿಲ್ಲ. ಆ ಪ್ರೋಗ್ರಾಮು ಕಡತಗಳನ್ನು ಬಚ್ಚಿಟ್ಟಿರಲೇ ಇಲ್ಲ. ಪ್ರತಿಯೊಂದರ ಒಳಗೂ ಅರ್ಥವಿಲ್ಲದ ಕಸ ಸುರಿದು ತುಂಬಿಸಿ, ಹಣ ಕೇಳುವ ಬರಹವೊಂದನ್ನು ಮೇಲೆ ಅಂಟಿಸಿ ಹೋಗಿತ್ತು. ಹಣ ಕೊಟ್ಟಿದ್ದರೂ, ವರ್ಷಗಟ್ಟಲೆ ಬಿಚ್ಚುತ್ತ ಕೂತಿದ್ದರೂ, ಒಂದು ಹನಿ ರಕ್ತದ ಫಲಿತಾಂಶವೂ ವಾಪಸು ಬರುತ್ತಿರಲಿಲ್ಲ. ಅಳಿಸಿ ಹೊಸದಾಗಿ ಹಾಕಿ ಎಂದವನೇ ಸರಿ. ಚೌಕಟ್ಟಿನ ಸಾಹೇಬ ಸರಿ. ಇವಳು ತಪ್ಪು.

ಆ ದಿನ ಅವಳು ಊಟ ಮಾಡಲಿಲ್ಲ. ಗಂಡ ಬಂದು ಏನಾಯ್ತು ಎಂದರೆ, ನನಗಿಂತ ಆ ಹೆಡ್ಡನಿಗೆ ಜಾಸ್ತಿ ಗೊತ್ತಿತ್ತು ಎಂದಳು. ಹಾಗಾದರೆ ಅವನು ಹೆಡ್ಡ ಹೇಗಾಗ್ತಾನೆ ಎಂದು ಅವನು ಕೇಳಿದ. ಅದು ಜಾಣತನದ ಮಾತೇನಲ್ಲ, ಅರ್ಥವಾಗದೆ ಕೇಳಿದ್ದು. ಅವಳಿಗೆ ಅದೇ ಮುಳ್ಳಾಗಿ ಚುಚ್ಚಿತು.

ತಡೆಯಲಾರದೆ ಅವಳು ತಜ್ಞನ ಆಫೀಸು ಹುಡುಕಿಕೊಂಡು ಹೋದಳು. ಲಿಫ್ಟಿಳಿದರೆ ಗಾಜಿನ ಬಾಗಿಲು, ಒಳಗೆ ಪ್ಲಾಸ್ಟಿಕ್ಕಿನ ಗಿಡ, ಗಿಡದ ಎಲೆಗಳ ಮೇಲೆ ಧೂಳು. ಗೋಡೆಯ ಮೇಲೆ ಚೌಕಟ್ಟುಗಳು ಮೊದಲಿಗಿಂತ ಹೆಚ್ಚಾಗಿದ್ದವು. ಅವನಿಗೆ ಅವಳ ನೆನಪಿರಲಿಲ್ಲ. ಲ್ಯಾಬಿನ ನೆನಪೂ ಅರೆಬರೆ. ಅವಳು ಕುರ್ಚಿಯ ತುದಿಯಲ್ಲಿ ಕೂತು, ತಾನು ಕಂಡುಕೊಂಡದ್ದನ್ನೆಲ್ಲ ಹೇಳಿದಳು. ನೀವು ಹೇಳಿದ್ದೇ ಸರಿ ಸರ್ ಎಂದೂ ಹೇಳಿದಳು.

"ಅದು ಹಾಗಿತ್ತಾ?" ಎಂದ ಅವನು, ನಿಜವಾದ ಕುತೂಹಲದಿಂದ.

"ನಿಮಗೆ ಗೊತ್ತಿರಲಿಲ್ವಾ?"

"ನಾನು ಎಲ್ಲಾ ಕಡೆ ಅದನ್ನೇ ಹೇಳೋದು ಮೇಡಂ. ಅಳಿಸಿ, ಹೊಸದಾಗಿ ಹಾಕಿ. ಒಳಗೆ ಏನಿದೆ ಅಂತ ನೋಡ್ತಾ ಕೂತ್ರೆ ವ್ಯವಹಾರ ನಡೆಯುತ್ತಾ?"

"ಬೀಗದ ಕೈ ಒಳಗೇ ಇದ್ದಿದ್ರೆ?"

"ಇರಲಿಲ್ಲವಲ್ಲ," ಎಂದು ಅವನು ನಕ್ಕ. ಅದೇ ಹಳೆಯ ನಗು. ಆಮೇಲೆ ಅವಳ ವಿಶ್ಲೇಷಣೆಯನ್ನು ತನಗೆ ಕಳಿಸಿಕೊಡಬೇಕೆಂದು ಕೇಳಿದ. ಮುಂದಿನ ತಿಂಗಳು ಎಲ್ಲೋ ಭಾಷಣವಿದೆ, ಸ್ಲೈಡುಗಳಲ್ಲಿ ಹಾಕಿಕೊಂಡರೆ ಚೆನ್ನಾಗಿರುತ್ತದೆ, ನಿಮ್ಮ ಹೆಸರನ್ನೂ ಕೆಳಗೆ ಸಣ್ಣದಾಗಿ ಹಾಕೋಣ ಎಂದ. ಅವಳು ಕೊಡುವುದಿಲ್ಲ ಎಂದು ಎದ್ದಳು. ಅವನಿಗೆ ಅದರಿಂದ ಬೇಸರವೂ ಆಗಲಿಲ್ಲ. ಬೇಸರಪಡುವಷ್ಟು ಒಳಗೆ ಏನೂ ಇಳಿಯದ ಮನುಷ್ಯ.

ಮನೆಯವರೆಗೂ ನಡೆದೇ ಬಂದಳು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೆ ಕೊಂಬೆ ಮುರಿದದ್ದು ಸುಳ್ಳಲ್ಲ. ಏನೂ ನೋಡದವನು ಸರಿ ಹೇಳಿದ್ದ. ಎಲ್ಲ ನೋಡುತ್ತೇನೆಂದವಳು ನೋಡುವ ಮೊದಲೇ ತಪ್ಪು ಹೇಳಿದ್ದಳು. ಬೀಗದ ಕೈ ಇದೆಯೆಂದು ಅಂದು ಅವಳು ಹಟ ಹಿಡಿದದ್ದು ಏನನ್ನೋ ಕಂಡು ಅಲ್ಲ, ಅವನ ಮುಖ ಕಂಡು. ಇಷ್ಟು ವರ್ಷ ಧಾರಾಳವಾಗಿ ಹಂಚಿದ "ಛೀ"ಯನ್ನು ಈಗ ಯಾರಿಗೆ ಕೊಡಬೇಕೆಂದು ತಿಳಿಯದೆ, ದಾರಿಯುದ್ದಕ್ಕೂ ಅರ್ಧ ಅವನಿಗೆ ಅರ್ಧ ತನಗೆ ಎಂದು ಪಾಲು ಮಾಡುತ್ತ ಬಂದಳು. ಪಾಲು ಸರಿಸಮ ಆಗಲೇ ಇಲ್ಲ. ಮನೆ ಹತ್ತಿರವಾಗುವಷ್ಟರಲ್ಲಿ ಅವನದು ಮತ್ತೆ ಸ್ವಲ್ಪ ದೊಡ್ಡದಾಗಿತ್ತು.

ಎರಡನೆಯ ಸಲ ಪರೀಕ್ಷೆಗೆ ಕೂತಾಗ ಅವಳೊಂದು ಉಪಾಯ ಮಾಡಿದಳು. ಎರಡು ಕಡತ ತೆರೆದಿಟ್ಟಳು. ಒಂದರಲ್ಲಿ ಪ್ರೋಗ್ರಾಮು ಏನು ಮಾಡುತ್ತದೆ ಎಂಬುದು ಮಾತ್ರ, ಒಣಗಿದ ಕಟ್ಟಿಗೆಯಂಥ ವಾಕ್ಯಗಳಲ್ಲಿ. ಇನ್ನೊಂದರಲ್ಲಿ ಬರೆದವನ ಬಗ್ಗೆ, ಪ್ರಶ್ನೆ ಕೊಟ್ಟವನ ಬಗ್ಗೆ, ಓದಲಿರುವ ಪರೀಕ್ಷಕನ ಬಗ್ಗೆ ತನಗನ್ನಿಸಿದ್ದೆಲ್ಲ. ಎರಡನೆಯದೇ ಉದ್ದವಾಯಿತು. ಮೊದಲನೆಯದನ್ನು ಕಳಿಸಿದಳು. ಪೆದ್ದು ಪೆದ್ದಾಗಿ ಕಂಡ ಪ್ರತಿಯೊಂದನ್ನೂ ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ಬಿಚ್ಚಿದ್ದಳು. ಅವುಗಳಲ್ಲಿ ಬಹುಪಾಲು ನಿಜಕ್ಕೂ ಪೆದ್ದಾಗಿಯೇ ಇದ್ದವೆಂಬುದು ಅವಳಿಗೆ ದೊಡ್ಡ ನೆಮ್ಮದಿ.

ಪಾಸಾದಳು. ಈ ಸಲ ಪರೀಕ್ಷಕ ಏನೂ ಬರೆದಿರಲಿಲ್ಲ.

ಲ್ಯಾಬಿನಲ್ಲಿ ವಿಷಯ ತಿಳಿದಾಗ ಮ್ಯಾನೇಜರು ತಾನೇ ಓದಿ ಪಾಸಾದವನಂತೆ ಓಡಾಡಿದ. ಅವಳನ್ನು ಕೇಳದೆಯೇ ಸರ್ಟಿಫಿಕೇಟಿನ ನಕಲು ತೆಗೆಸಿ, ಚೌಕಟ್ಟು ಹಾಕಿಸಿ, ರಕ್ತ ಕೊಡುವವರು ಕಾಯುವ ಕೋಣೆಯಲ್ಲಿ ನೇತುಹಾಕಿಸಿದ. ಜನಕ್ಕೆ ಧೈರ್ಯ ಬರುತ್ತೆ ಮೇಡಂ ಎಂದ. ಅವಳು ಅದನ್ನು ಗೋಡೆಯಿಂದ ಇಳಿಸಿ ಹಿಂದೆ ತಿರುಗಿಸಿ ನೋಡಿದಳು. ರಟ್ಟಿಗೆ ಅಡ್ಡಾದಿಡ್ಡಿ ಪಿನ್ನು ಹೊಡೆದಿದ್ದರು, ಒಂದು ಮೂಲೆ ಆಗಲೇ ಬಾಯಿ ಬಿಟ್ಟಿತ್ತು. ಮತ್ತೆ ನೇತುಹಾಕಿ, ಕಂಪ್ಯೂಟರಿನ ಕಡತಗಳ ನಕಲನ್ನು ಇನ್ನಾದರೂ ದಿನಾ ತೆಗೆಸುತ್ತೀರಾ ಎಂದು ಕೇಳಿದಳು. ನೋಡೋಣ ಎಂದು ಅವನು ಬೆವರು ಒರೆಸಿಕೊಂಡ. ಆ ತಿಂಗಳೇ ಅವಳು ಕೆಲಸ ಬಿಟ್ಟಳು. ಸರ್ಟಿಫಿಕೇಟು ಅಲ್ಲೇ ಉಳಿಯಿತು.

ಹೊಸ ಕೆಲಸ ದುಷ್ಟ ಪ್ರೋಗ್ರಾಮುಗಳನ್ನು ಬಿಚ್ಚುವುದಕ್ಕೆಂದೇ ಇರುವ ಒಂದು ಸಣ್ಣ ಸಂಸ್ಥೆಯಲ್ಲಿ. ಕಿಟಕಿಯಿರುವ ಕೋಣೆ, ಮಾತು ಕಡಿಮೆ. ಅಲ್ಲಿನ ಮುಖ್ಯಸ್ಥೆ ಇವಳ ಅರ್ಧ ವಯಸ್ಸಿನ ಹೆಣ್ಣುಮಗಳು. ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂರುವವಳು. ಗೋಡೆಯ ಮೇಲೆ ಗಡಿಯಾರ ಬಿಟ್ಟರೆ ಏನೂ ಇಲ್ಲ. ಇವಳ ಮೊದಲ ವರದಿಯನ್ನು ಅವಳು ಒಂದೇ ಒಂದು ಕಡೆ ಗುರುತು ಹಾಕಿ ವಾಪಸು ಕೊಟ್ಟಳು. ಇವಳು ಜಗಳಕ್ಕೆ ಸಿದ್ಧಳಾಗಿ ನೋಡಿದರೆ, ಗುರುತು ಬಿದ್ದದ್ದು ನಿಜಕ್ಕೂ ತಪ್ಪಿದ್ದ ಕಡೆಗೇ. ಎರಡನೆಯ ವರದಿಯಲ್ಲೂ ಹಾಗೆಯೇ. ಅಂದಿನಿಂದ ಇವಳು ಆ ಮುಖ್ಯಸ್ಥೆಯ ಹಳೆಯ ಕೆಲಸಗಳನ್ನೆಲ್ಲ ಹುಡುಕಿ ತೆಗೆದು, ಬಿಡುವಾದಾಗಲೆಲ್ಲ ಸಾಲು ಸಾಲಾಗಿ ಓದತೊಡಗಿದಳು.

ಒಂದು ಭಾನುವಾರ ಗಂಡನ ಕೋಣೆಯ ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಆ ಹುಡುಗೀಲಿ ಒಂದು ಐಬೂ ಸಿಗ್ತಾ ಇಲ್ಲ ರೀ."

"ಇನ್ನೂ ಸ್ವಲ್ಪ ದಿನ ನೋಡು," ಎಂದು ಅವನು ಧೈರ್ಯ ಹೇಳಿದ. "ಸಿಕ್ಕೇ ಸಿಗುತ್ತೆ."

"ಸಿಗದೇ ಹೋದ್ರೆ?"

ಅವನು ಕೈಯಲ್ಲಿದ್ದ ಮೇಲ್ದವಡೆಯ ಸೆಟ್ಟನ್ನು ಕೆಳಗಿಟ್ಟು ಯೋಚಿಸಿದ. ಮತ್ತೆ ಎತ್ತಿಕೊಂಡು ಉಜ್ಜತೊಡಗಿದ. ಅವಳು ಆ ಹುಡುಗಿಯ ಹಳೆಯ ವರದಿಗಳಲ್ಲಿ ನಾಳೆಗೆ ಓದಬೇಕಾದದ್ದು ಯಾವುದೆಂದು ನೆನಪಿಸಿಕೊಳ್ಳುತ್ತ ಒಳಗೆ ಹೋದಳು.